ಶೇಖವ್ವನ ರಕ್ತಕ್ಕೆ ಬಿದ್ದ ಮಾರ್ಕು

ಅಬಲೂರಿನ ಶೇಖವ್ವ ಅರವತ್ತೆರಡು ವರ್ಷ ಯಾವ ಪರೀಕ್ಷೆಗೂ ಕೂತವಳಲ್ಲ. ಕೂತ ಮೊದಲ ಪರೀಕ್ಷೆಯಲ್ಲೇ ಐನೂರಾ ನಲವತ್ತು ಬಂತು. ಬರೆದದ್ದು ಅವಳಲ್ಲ ಅನ್ನಿ, ಅವಳ ರಕ್ತ.

ಅದು 1987ರ ಮುಂಗಾರು. ಅವಳ ಹೊಟ್ಟೆ ಉಬ್ಬತೊಡಗಿತ್ತು. ಮನೆಯವರು ಮೊದಲು ವಾಯು ಅಂದರು, ಆಮೇಲೆ ಓಂಕಾಳು ತಿನ್ನಿಸಿದರು, ಓಂಕಾಳಿಗೂ ಬೇಸರವಾದ ಮೇಲೆ ಹಿರೇಕೆರೂರಿನ ಡಾಕ್ಟರಿಗೆ ತೋರಿಸಿದರು. ಅವರು ಹುಬ್ಬಳ್ಳಿಗೆ ಕಳಿಸಿದರು. ಹುಬ್ಬಳ್ಳಿಯ ಡಾಕ್ಟರು ಗೋಪಿಕಾಬಾಯಿ ಮುಚ್ಚುಮರೆಯಿಲ್ಲದೆ ಹೇಳಿದರು, ಅಂಡಾಶಯದ ಕ್ಯಾನ್ಸರು ಎಂದು. 'ಅಂಡಾಶಯ' ಎಂಬ ಶಬ್ದ ಕಿವಿಗೆ ಬಿದ್ದದ್ದೇ ಮಗ ಮೈಲಾರಪ್ಪ ನೆಲ ನೋಡಿದ. ಹೆತ್ತ ತಾಯಿಗೆ ಅಂಥದ್ದೊಂದು ಅಂಗ ಇದೆಯೆಂದು ಅವನಿಗೆ ಅದುವರೆಗೂ ಯಾರೂ ತಿಳಿಸಿರಲಿಲ್ಲ. ಅವತ್ತಿನಿಂದ ಮನೆಯಲ್ಲಿ ಅದಕ್ಕೆ 'ಹೊಟ್ಟೀ ಗಂಟು' ಎಂದು ಹೆಸರಾಯಿತು. ಮುಂದೆಂದೂ ಅವನು ಡಾಕ್ಟರ ಕೋಣೆಯ ಹೊಸ್ತಿಲು ತುಳಿಯಲಿಲ್ಲ. ಹೊರಗೆ ಬೇವಿನ ಗಿಡದ ಕೆಳಗೆ ಕೂತು ಬೀಡಿ ಸೇದುತ್ತಿದ್ದ.

ಆಪರೇಷನ್ನಿನ ಮೊದಲು ರಕ್ತ ತೆಗೆದು ಮುಂಬಯಿಗೆ ಕಳಿಸಿದರು. ಈ ಜಾತಿಯ ಗಂಟು ರಕ್ತದೊಳಗೆ ಒಂದು ವಸ್ತು ಬಿಡುತ್ತದಂತೆ, ಅದನ್ನು ಅಳೆದು ಅಂಕಿ ಕೊಡುವ ಪರೀಕ್ಷೆ ಹೊಸದಾಗಿ ಬಂದಿತ್ತು. ಅಂಕಿ ಅಂಚೆಯಲ್ಲಿ ಊರಿಗೇ ಬಂತು. ಇಂಗ್ಲಿಷ್ ಕಾಗದವಾದ್ದರಿಂದ ನೇರವಾಗಿ ನರಸಿಂಹ ಮಾಸ್ತರರ ಕೈ ಸೇರಿತು.

ಮಾಸ್ತರರು ಮೂವತ್ತನಾಲ್ಕು ವರ್ಷ ಸಾಲೆಯಲ್ಲಿ ಕಲಿಸಿ ನಿವೃತ್ತರಾಗಿದ್ದರು. ಅವರ ಕೆಂಪು ಪೆನ್ಸಿಲು ಮಾತ್ರ ನಿವೃತ್ತಿಯಾಗಿರಲಿಲ್ಲ. ಯಾರಾದರೂ ಲಗ್ನಪತ್ರಿಕೆ ಕೊಟ್ಟರೆ ತಪ್ಪುಗಳಿಗೆ ಅಡಿಗೆರೆ ಎಳೆದೇ ಊಟಕ್ಕೆ ಹೋಗುವವರು. ಅಂಕಿ ನೋಡಿ ಹುಬ್ಬೇರಿಸಿದರು.

"ಐನೂರಾ ನಲವತ್ತು. ಎಸ್ಸೆಸ್ಸೆಲ್ಸಿಗೆ ಒಟ್ಟು ಆರುನೂರು. ತೊಂಬತ್ತು ಪರ್ಸೆಂಟ್ ಆತಪಾ ಮೈಲಾರಪ್ಪ. ನಿಮ್ಮ ಮನಿತನದಾಗ ಇಷ್ಟ್ ಯಾರೂ ತಗೊಂಡಿಲ್ಲ."

ಏಳನೆಯ ಇಯತ್ತೆಯಲ್ಲಿ ಎರಡು ಸಲ ಕೂತು ಎರಡು ಸಲವೂ ಎದ್ದುಬಂದಿದ್ದ ಮೈಲಾರಪ್ಪ ತಾಯಿಯನ್ನು ಹೊಸ ಮರ್ಯಾದೆಯಿಂದ ನೋಡಿದ.

ಆಪರೇಷನ್ ಆಯಿತು. ಆರು ಸಲ ಔಷಧದ ಸಲಾಯಿನ್ ಏರಿಸಿದರು. ತಲೆಯ ಕೂದಲು ಹೋಯಿತು, ಬಾಯಿರುಚಿ ಹೋಯಿತು. ಶೇಖವ್ವ ಸೆರಗು ಹೊದ್ದು ಸುಮ್ಮನೆ ಎಲ್ಲ ಸಹಿಸಿದಳು. ಕಾರ್ತಿಕದಲ್ಲಿ ಎರಡನೆಯ ಕಾಗದ ಬಂತು. ಹತ್ತೊಂಬತ್ತು. ಮಗ್ಗುಲಿಗೇ ಮುದ್ರಣದಲ್ಲಿ ಮೂವತ್ತೈದು ಎಂದಿತ್ತು.

ಮಾಸ್ತರರು ಕನ್ನಡಕ ತೆಗೆದು ಒರೆಸಿದರು.

"ಹೆಂಗ ಹೇಳ್ಲಿ. ಮುಂಬೈದವರು ಪಾಸ್ ಮಾರ್ಕು ತಾವ ಛಾಪಿಸ್ಯಾರ, ಮೂವತ್ತೈದು. ಶೇಖವ್ವಗ ಬಂದದ್ದು ಹತ್ತೊಂಬತ್ತು."

"ಮೊದಲ ಐನೂರ ಬಂದಿತ್ತಲ್ರಿ?" ಮೈಲಾರಪ್ಪ ಕೇಳಿದ.

"ಅದು ಎಲ್ಲಾ ವಿಷಯ ಕೂಡಿಸಿದ್ದು. ಇದು ಒಂದ ವಿಷಯದ್ದು." ಮಾಸ್ತರರ ಬಳಿ ಉತ್ತರವಿಲ್ಲದ ಪ್ರಶ್ನೆಯನ್ನು ಅಬಲೂರು ಇನ್ನೂ ಕಂಡಿರಲಿಲ್ಲ. ಹತ್ತೊಂಬತ್ತರ ಕೆಳಗೆ ಕೆಂಪು ಗೆರೆ ಎಳೆದು ಕಾಗದ ಮಡಚಿ ಕೊಟ್ಟರು.

ಅವತ್ತು ಮನೆಯಲ್ಲಿ ಒಲೆ ತಡವಾಗಿ ಹೊತ್ತಿತು. ಸೊಸೆ ಸರೋಜವ್ವ ಅತ್ತೆಗೆ ಕೇಳದಂತೆ ಅತ್ತಳು, ಅಂದರೆ ಪಕ್ಕದ ಓಣಿಗೆ ಮಾತ್ರ ಕೇಳುವಂತೆ. ಕಣ್ಣೊರೆಸಿಕೊಂಡವಳೇ ಗಂಡನ ಕೂಡ ಮುಂದಿನ ವಿಚಾರಕ್ಕೆ ಕೂತಳು. ಅತ್ತೆ ಹೋದರೆ ವರ್ಷದ ತನಕ ಮನೆಯಲ್ಲಿ ಲಗ್ನವಿಲ್ಲ. ಮಗಳಿಗೆ ನೋಡಿಟ್ಟಿದ್ದ ವರ, ಹಾನಗಲ್ಲಿನ ತನ್ನ ಅಣ್ಣನ ಮಗ ಮಂಜಪ್ಪ, ಅಲ್ಲಿಯ ತನಕ ಕಾಯುವವನಲ್ಲ. ಹಾಗಾಗಿ ಮಾಘದಲ್ಲೇ ಮಗಳು ಹೊನ್ನವ್ವನಿಗೆ ಅಕ್ಕಿಕಾಳು ಹಾಕಿ ಲಗ್ನ ಮುಗಿಸಿಬಿಡುವುದು. ಹುಡುಗಿ ಹತ್ತನೆಯ ಇಯತ್ತೆಯಲ್ಲಿದ್ದಳು, ಮಾರ್ಚಿನಲ್ಲಿ ಪರೀಕ್ಷೆ. ಆದರೆ ಒಂದೇ ಮನೆಯಲ್ಲಿ ಎಷ್ಟು ಜನ ಪರೀಕ್ಷೆ ಬರೆಯುವುದು? ಹೊನ್ನಿಯ ಪುಸ್ತಕಗಳು ಗಂಟು ಕಟ್ಟಿಸಿಕೊಂಡು ಅಟ್ಟ ಏರಿದವು.

ಶೇಖವ್ವನನ್ನು ತನ್ನ ಹತ್ತೊಂಬತ್ತಕ್ಕಿಂತ ಆ ಪುಸ್ತಕದ ಗಂಟು ಹೆಚ್ಚು ನೋಯಿಸಿತು. ಐವತ್ತು ದಾಟಿದ ಮೇಲೆ ಅವಳು ಗುಡಿಯ ಪಡಸಾಲೆಯ ರಾತ್ರಿ ಸಾಲೆಗೆ ಹೋಗಿ ಅಕ್ಷರ ಕಲಿತವಳು. ಅಲ್ಲಿ ಪಕ್ಕದಲ್ಲಿ ಕೂತು ಅಜ್ಜಿಯ ಪಾಟಿ ತಿದ್ದುತ್ತಿದ್ದದ್ದು ಮೂರನೆಯ ಇಯತ್ತೆಯ ಹೊನ್ನಿ. 'ಳ' ಬರೆಯಲು ಅಜ್ಜಿಗೆ ತಿಂಗಳು ಹಿಡಿದರೂ ಒಮ್ಮೆಯೂ ಬೈದಿರಲಿಲ್ಲ. ಈ ಹುಡುಗಿ ಹತ್ತನೆಯದು ಮುಗಿಸಬೇಕು ಎಂಬುದೊಂದೇ ಶೇಖವ್ವನಿಗೆ ಉಳಿದಿದ್ದ ಆಸೆ.

ಮುಂದಿನ ವಾರ ಹುಬ್ಬಳ್ಳಿಗೆ ಹೋದಾಗ ಕಾಗದ ಮುಂದಿಟ್ಟು ಕೇಳಿದಳು. "ಡಾಕ್ಟರ್ ಬಾಯಾರ, ನಪಾಸ್ ಆಗೇನಂತ. ಇನ್ನ ಎಷ್ಟ್ ದಿನ ಅದಾವರಿ ನನಗ?"

ಗೋಪಿಕಾಬಾಯಿ ಕೆಂಪು ಗೆರೆ ನೋಡಿದರು. "ಇದನ್ನ ಯಾರು ಎಳದಾರ?"

"ನಮ್ಮೂರ ಮಾಸ್ತರ್ರು."

"ಅವರಿಗೆ ನಮಸ್ಕಾರ ತಿಳಸ್ರಿ. ಇದು ಸಾಲಿ ಅಲ್ಲ ಶೇಖವ್ವಾ. ಇಲ್ಲೆ ಮೂವತ್ತೈದರ ಕೆಳಗ ಇದ್ರ ಚಲೋ. ಮ್ಯಾಲೆ ಹೋತಂದ್ರ ಗಂಟು ಮತ್ತ ಚಿಗಿತದ ಅಂತ ಸಂಶಯ. ಐನೂರಾ ನಲವತ್ತು ಇದ್ದದ್ದು ಹತ್ತೊಂಬತ್ತಕ್ಕ ಇಳದದ. ನನಗ ಭಾಳ ಖುಷಿ ಆಗೇದ."

"ಹಂಗಾರ ಎಷ್ಟ್ ವರ್ಷ ಅಂತ ಬರಕೊಡ್ರಿ. ಮನ್ಯಾಗ ತೋರಸ್ತೇನಿ."

"ಅದನ್ನ ಹೆಂಗ ಬರೀಲಿ? ಬಸ್ಸು ಯಾವ ದಿಕ್ಕಿಗೆ ಹೊಂಟದ ಅಂತ ಈ ಅಂಕಿ ಹೇಳ್ತದ. ಯಾವಾಗ ಮುಟ್ತದ ಅನ್ನೂದು ಡ್ರೈವರಗೂ ಗೊತ್ತಿರೂದಿಲ್ಲ."

ಸರಕಾರಿ ಬಸ್ಸಿನಲ್ಲೇ ಬಂದಿದ್ದ ಶೇಖವ್ವನಿಗೆ ಇದು ಚೆನ್ನಾಗಿ ಅರ್ಥವಾಯಿತು. ಹೊರಗೆ ಬಂದು ಬೇವಿನ ಗಿಡದ ಕೆಳಗಿದ್ದ ಮಗನಿಗೆ ಅಷ್ಟನ್ನೂ ಒಪ್ಪಿಸಿದಳು. ಅವನು ಬೀಡಿ ನೆಲಕ್ಕೆ ಒರೆಸಿ ಕರುಣೆಯಿಂದ ನೋಡಿದ.

"ಹೌದಬೇ ಯವ್ವಾ. ಪೇಶೆಂಟಿಗೆ ಅವ್ರು ಹಂಗ ಹೇಳೂದು."

"ಒಳಗ ಹೋಗಿ ನೀನ ಕೇಳಿ ಬಾರಲೇ."

"ನಾ ಏನಂತ ಕೇಳ್ಲಿ?" ಮೈಲಾರಪ್ಪ ಮತ್ತೆ ನೆಲ ನೋಡಿದ.

ನಮ್ಮ ಕಡೆ ರೋಗದ ವಿಷಯ ಊರಿಗೆಲ್ಲ ಗೊತ್ತಿರುತ್ತದೆ, ರೋಗಿಗೆ ಮಾತ್ರ ಗೊತ್ತಿರುವುದಿಲ್ಲ ಎಂಬುದು ರೂಢಿ. ಅವಳಿಗೆ ಹೇಳಿದ್ದೆಲ್ಲ ಸಮಾಧಾನಕ್ಕೆ. ಆದ್ದರಿಂದ ಅವಳು ಹೇಳಿದ್ದನ್ನು ನಂಬುವ ಪ್ರಶ್ನೆಯೇ ಬರುವುದಿಲ್ಲ. ಮಾಸ್ತರರೂ ನಕ್ಕರು. "ಮೂವತ್ತೈದರ ಕೆಳಗ ಬಂದ್ರ ಪಾಸು ಅನ್ನೂ ಸಾಲಿ ಎಲ್ಲೆ ಅದ ಹೇಳು, ನಿನ್ನ ಮಗನ್ನ ಹಚ್ಚೂಣು."

ನಂಬಿದವಳು ಹೊನ್ನಿ ಒಬ್ಬಳೇ. "ಕಮ್ಮಿ ಇದ್ರ ಚಲೋ, ಜಾಸ್ತಿ ಆದ್ರ ಕೆಟ್ಟ. ಹೌದಿಲ್ಲಜ್ಜಿ?" ಎಂದು ಪಾಠದ ಹಾಗೆ ಎರಡು ಸಲ ಕೇಳಿ ಗಟ್ಟಿ ಮಾಡಿಕೊಂಡಳು. ಆದರೆ ಹೊನ್ನಿಯ ಮಾತಿಗೆ ಆ ಮನೆಯಲ್ಲಿ ಇನ್ನೂ ಕಡಿಮೆ ಮಾರ್ಕು.

ಸಂಕ್ರಾಂತಿಯ ಹೊತ್ತಿಗೆ ಶೇಖವ್ವ ಮತ್ತೆ ರಕ್ತ ಕೊಟ್ಟು ಬಂದಳು. ಆ ಕಾಗದ ಬರುವ ಮೊದಲೇ ಅವಳಿಗೆ ಸುಳಿವು ಸಿಕ್ಕಿತ್ತು. ಸೀರೆಯ ಗಂಟನ್ನು ಎರಡು ಬೆರಳು ಸಡಿಲ ಬಿಡಬೇಕಾಗಿತ್ತು. ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಓಂಕಾಳು ಕೊಡುತ್ತಿದ್ದರು.

ಕಾಗದ ಬಂದ ದಿನ ಲಗ್ನಪತ್ರಿಕೆಯ ಕರಡು ಮಾಸ್ತರರ ಕೈಯಲ್ಲಿತ್ತು. ಮರುದಿನ ಹಿರೇಕೆರೂರಿನಲ್ಲಿ ಅಚ್ಚಿಗೆ ಕೊಡುವುದಿತ್ತು. ಕರಡಿನಲ್ಲಿ ಒಂಬತ್ತು ತಪ್ಪು ಹಿಡಿದು ಮುಗಿಸಿ ಅವರು ಮುಂಬಯಿಯ ಲಕೋಟೆ ಒಡೆದರು. ಒಂದು ಸಲ ಓದಿದರು. ಎದ್ದು ನಿಂತು ಇನ್ನೊಂದು ಸಲ ಓದಿದರು.

"ಎಂಬತ್ತೆಂಟು. ಡಿಸ್ಟಿಂಕ್ಷನ್ ಶೇಖವ್ವಾ, ಡಿಸ್ಟಿಂಕ್ಷನ್. ಸಪ್ಲಿಮೆಂಟರಿ ಕಟ್ಟಿ ಇಷ್ಟು ತಗೊಂಡವರನ್ನ ನಾ ನನ್ನ ಸರ್ವಿಸಿನಾಗ ನೋಡಿಲ್ಲ."

ಸರೋಜವ್ವ ಈ ಸಲವೂ ಅತ್ತಳು, ಈಗ ಮುಚ್ಚುಮರೆಯಿಲ್ಲದೆ. ಮೈಲಾರಪ್ಪ ಪೇಟೆಗೆ ಓಡಿ ಪೇಢೆಯ ಪುಡಿಕೆ ತಂದ. ಜಗಲಿಯ ಮೇಲೆ ನೆರೆಹೊರೆಯವರು ಸೇರಿದರು. ಅವ್ವನಿಗೇ ಅವಸರವಿಲ್ಲವೆಂದ ಮೇಲೆ ಲಗ್ನಕ್ಕೆ ಏನು ಅವಸರ ಎಂದು ಯಾರೋ ಅಂದರು. ಹೌದಲ್ಲ ಎಂದು ಎಲ್ಲರಿಗೂ ಅನ್ನಿಸಿತು. ಹೇಗೂ ಮಂಜಪ್ಪನ ಕಡೆಯವರು ಗಡಿಯಾರ ಕೇಳಿದ್ದು ಮೈಲಾರಪ್ಪನಿಗೆ ಸರಿಬಂದಿರಲಿಲ್ಲ. ಹುಡುಗಿ ಪರೀಕ್ಷೆ ಬರೆದುಕೊಳ್ಳಲಿ, ಮುಂದಿನದು ಮುಂದೆ ನೋಡೋಣ ಎಂದು ಹಾನಗಲ್ಲಿಗೆ ಕಾರ್ಡು ಬರೆಸಿದ.

ಬಾಗಿಲ ಬಳಿ ನಿಂತಿದ್ದ ಹೊನ್ನಿ ಮುಂದೆ ಬಂದಳು. "ಅಪ್ಪಾ, ಅದು ಜಾಸ್ತಿ ಆದ್ರ..." ಎಂದು ಬಾಯಿ ತೆರೆದಳು.

ಶೇಖವ್ವ ತೆರೆದ ಆ ಬಾಯಿಗೆ ಇಡೀ ಒಂದು ಪೇಢೆ ತುರುಕಿದಳು. "ತಿನ್ನು. ನಿಮ್ಮಜ್ಜಿ ಪಾಸಾಗ್ಯಾಳ."

ಹುಡುಗಿಗೆ ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಅಜ್ಜಿ ಅವಳನ್ನು ಹಿತ್ತಲಿಗೆ ಎಳೆದೊಯ್ದಳು.

"ಅಜ್ಜಿ, ನಾ ಅಪ್ಪಗ ಹೇಳ್ತೇನಿ."

"ನಾ ಹೇಳಿದಾಗ ನಂಬಿದ್ನೇನು? ನಿನ್ನ ಮಾತ ನಂಬಬೇಕಂದ್ರ ನೀ ಮೊದಲ ಹತ್ತನೇದು ಪಾಸಾಗು." ಸೆರಗಿನಿಂದ ಮೊಮ್ಮಗಳ ಕಣ್ಣು ಒರೆಸಿ, ತುಟಿಗಂಟಿದ ಪೇಢೆಯನ್ನೂ ಒರೆಸಿದಳು. "ಡಾಕ್ಟರ ಕಡೆ ನಾಳೆನ ಹೊಕ್ಕೇನಿ. ಅಲ್ಲಿ ನಾ ಸುಳ್ಳ ಹೇಳೂದಿಲ್ಲ. ಅಟ್ಟ ಹತ್ತು, ಪುಸ್ತಕ ಇಳಸು."

ಮರುದಿನ ಬೆಳಿಗ್ಗೆ ಹುಬ್ಬಳ್ಳಿಗೆ ಹೋಗಲು ಹಾವೇರಿಯ ಬಸ್ಸಿಗೆ ಕಾಯುತ್ತಿದ್ದ ಮೈಲಾರಪ್ಪನಿಗೆ ಬಗೆಹರಿಯದ ಒಂದು ಪ್ರಶ್ನೆಯಿತ್ತು.

"ಪಾಸಾದ ಮ್ಯಾಲೆ ಮತ್ತ ಹುಬ್ಬಳ್ಳಿಗೆ ಯಾಕಬೇ ಯವ್ವಾ?"

ಶೇಖವ್ವ ಸೀರೆಯ ಗಂಟನ್ನು ಇನ್ನಷ್ಟು ಸಡಿಲ ಮಾಡಿಕೊಂಡಳು.

"ಮುಂದಿನ ಇಯತ್ತೆಗೆ ಹೆಸರ ಹಚ್ಚಬೇಕಲ್ಲೋ," ಎಂದಳು.