ನಲ್ಲಿ ನೀರು ಕುಡಿದ ಯಹೂದಿ

ತೊಂಬತ್ತೈದರ ಮುನ್ಸಿಪಲ್ ಎಲೆಕ್ಷನ್‌ನಾಗೆ ಆಂಧ್ರದ ಹಿಂದೂಪುರದಲ್ಲಿ ನಮ್ಮ ವಾರ್ಡಿಗೆ ನಿಂತಿದ್ದ ದಸ್ತಗಿರಿ ಪರವಾಗಿ ಮೈಕ್ ಹಿಡಿದೋನು ನಾನೇ. ಆಟೋದಾಗೆ ಕುಂತು ಹೀರೋ ಎಂಟ್ರಿ ಕೊಟ್ಟಂಗೆ ಗಂಟಲು ಹರ್ಕೊಂತಿದ್ದೆ: "ಬಂದಾ ದಸ್ತಗಿರಿ! ತಡೆಯೋ ಗಂಡು ಇನ್ನಾ ಹುಟ್ಟಿಲ್ಲಾ! ಇಂಟಿಂಟಿಕಿ ನೀಳ್ಳು, ಮನೆಮನೆಗೆ ನೀರು!"

ದಸ್ತಗಿರಿ ಕುವೈತ್‌ನಾಗೆ ಡ್ರೈವರ್ ಆಗಿದ್ದು, ಯುದ್ಧ ಆದಾಗ ಬರಿಗೈಲಿ ವಾಪಸ್ ಬಂದೋನು. ಅವನದು ಒಂದೇ ಹಠ: ವಾರ್ಡಿಗೆ ನೀರು ಬರ್ಬೇಕು. ಪೈಪೇನೋ ಇತ್ತು. ಆದ್ರೆ ಕೌನ್ಸಿಲರ್ ಪೀರಾ ಸಾಬ್ರ ಹುಣಸೆಹಣ್ಣಿನ ಗೋಡೌನ್ ತಂಕ ನೀರು, ಅಲ್ಲಿಂದ ಮುಂದಕ್ಕೆ ಬರೀ ಗಾಳಿ. ನಮ್ಮ ಮಗ್ಗದ ಬೀದಿಯೋರೂ ಮಸೀದಿ ಬೀದಿಯೋರೂ ಒಂದೇ ಟ್ಯಾಂಕರ್ ಹಿಂದೆ ಬಿಂದಿಗೆ ಎತ್ಕೊಂಡು ಓಡೋದು.

ಈ ಸಲಾನೂ ನಿಂತಿದ್ದ ಪೀರಾ ಸಾಬ್ರು ಮೀಟಿಂಗ್ ಹಾಕಿದ್ರು. ದಸ್ತಗಿರಿ ಅಲ್ಲಿಗೇ ನುಗ್ಗಿ ಮೈಕ್ ಈಸ್ಕೊಂಡು ಕೇಳ್ದ: "ಮಾಮು, ನಮ್ಮ ನೀರು ಎಲ್ಲಿಗೆ ಹೋಗ್ತೈತೆ?"

ಸಾಬ್ರು ನೀರಿನ ಮಾತೇ ಎತ್ಲಿಲ್ಲ. ಇನ್ನೊಂದು ಮೈಕ್ನಾಗೆ ಮೆಲ್ಲಗೆ ಶುರು ಹಚ್ಕೊಂಡ್ರು: "ಪ್ರಪಂಚದಾಗೆ ನಮ್ಮೋರಿಗೆ ಏನೇ ಕಷ್ಟ ಬರ್ಲಿ, ಹಿಂದೆ ಯಹೂದಿ ಇರ್ತಾನೆ. ಕುವೈತ್ ಯುದ್ಧ ಮಾಡ್ಸಿದ್ದೂ ಅವರೇ. ಈಗ ನಮ್ಮ ವಾರ್ಡ್ ಒಡೆಯೋಕೆ ಬಂದೋನು ಯಾರ ಕಾಸು ತಿಂದವ್ನೋ, ನೀವೇ ಯೋಚ್ನೆ ಮಾಡಿ."

"ಅಲ್ಲಿದ್ದೋನು ನಾನು ಮಾಮು! ನುಗ್ಗಿದ್ದು ಇರಾಕಿನೋರು. ಸಂಬಳ ಕೇಳಿದ್ರೆ ನಮ್ಮ ಅರಬಿ ಯಜಮಾನನೂ ಹಿಂಗೇ ಯಹೂದೀನ ಬೈತಿದ್ದ. ಬೈಗುಳ ಅವರಿಗೆ, ಸಂಬಳ ಅವನ ಜೇಬಿಗೆ!"

"ಯಹೂದಿ ಪರ ಮಾತಾಡ್ತಾನೆ ನೋಡ್ರೋ!" ಅಂತ ಯಾವನೋ ಕೂಗ್ದ.

ನಂಗೆ ತಡೀಲಿಲ್ಲ. ದಸ್ತಗಿರಿ ಕೈಲಿದ್ದ ಮೈಕ್ ಕಿತ್ಕೊಂಡು ವಿಲನ್ ನಗು ನಕ್ಕೆ: "ಹ್ಹಹ್ಹಹ್ಹಾ! ಹೌದು ಕಣ್ರೀ! ಯಹೂದಿ ಬಂದಾ! ಬೆಂಗಳೂರು ಪ್ಯಾಸೆಂಜರ್‌ನಿಂದ ಇಳಿದಾ! ಗೋಡೌನ್ ತಾವ ವಾಲ್ವ್ ತಿರುಗಿಸಿದಾ! ನಮ್ಮ ನೀರೆಲ್ಲಾ ಕುಡಿದು ತೇಗಿದಾ!"

ಬಿದ್ದು ಬಿದ್ದು ನಗ್ತಾರೆ ಅನ್ಕೊಂಡಿದ್ದೆ. ಒಬ್ನೂ ನಗ್ಲಿಲ್ಲ. ಮುಂದೆ ಕುಂತಿದ್ದ ಅಜ್ಜ ಪಕ್ಕದೋನ್ನ ಕೇಳ್ದ, "ಯಾವತ್ತು ಬಂದಿದ್ನಂತೆ?"

"ಕೇಳಿದ್ರಾ? ಅವನ ಕಡೆ ಹುಡುಗನೇ ಹೇಳ್ತಾವ್ನೆ," ಅಂದ್ರು ಪೀರಾ ಸಾಬ್ರು.

"ಲೇ, ಅದು ಕಾಮಿಡಿ ಕಣ್ರಲಾ!" ಅಂತ ಬಡ್ಕೊಂಡೆ. ಅಷ್ಟೊತ್ತಿಗೆ ಮೈಕ್ ಆಫ್.

ನಮ್ಮ ಬೀದಿಯೋರಿಗಾದ್ರೂ ಬುದ್ಧಿ ಇರ್ತದೆ ಅನ್ಕೊಂಡು ಬಂದ್ರೆ, ಮಗ್ಗದ ಕದಿರಣ್ಣ ಬೀಡಿ ಹಚ್ಚಿ, "ಯಹೂದಿ ಅಲ್ಲ ಕಣ್ಲಾ, ಪಾಕಿಸ್ತಾನದೋರು ಇರ್ಬೇಕು" ಅಂದ. ತಲೆ ಚಚ್ಕೊಳ್ಳೋಕೆ ಗೋಡೆನೂ ಸಾಲ್ದು ನಂಗೆ.

ದಸ್ತಗಿರಿ ಸೋತ. ಅಂಗಿಂಗಲ್ಲ, ಡಿಪಾಜಿಟ್ಟೂ ಹೋಯ್ತು.

ಮಾರ್ನೇ ದಿನ ಅವನ ಚಿಕ್ಕಮ್ಮ ಖೈರುನ್‌ಬೀ ಎರಡು ಖಾಲಿ ಬಿಂದಿಗೆ ಇಟ್ಕೊಂಡು ಬೀದಿ ಕೊನೇಲಿ ಕುಂತಿದ್ಳು.

"ಖಾಲಾ, ನೀನಾದ್ರೂ ನಂಗೆ ಓಟು ಹಾಕಿದ್ಯಾ?" ಅಂದ ದಸ್ತಗಿರಿ.

"ನೀನು ಒಳ್ಳೇವ್ನೇ ಬೇಟಾ. ನೀರೇನು, ಇವತ್ತಲ್ದಿದ್ರೆ ನಾಳೆ ಬತ್ತದೆ. ಯಹೂದಿ ಬಂದ್ಬುಟ್ರೆ? ಪೀರಾ ಸಾಬ್ರೇ ಬೇಕಲ್ಲಪ್ಪಾ."

"ನೀನು ಒಬ್ಬ ಯಹೂದೀನಾದ್ರೂ ನೋಡಿದೀಯಾ?"

"ಎಲ್ಲಿ ನೋಡ್ಲಿ? ಅವರು ಊರೊಳಗೆ ಬರೋಕೆ ಸಾಬ್ರು ಬಿಟ್ರೆ ತಾನೇ!"

ದಸ್ತಗಿರಿ ನನ್ನ ಕಡೆ ತಿರುಗಿ, "ಲೇ, ನಗಾಡ್ಬೇಡ" ಅಂದ.

ನಾನೆಲ್ಲಿ ನಗ್ತಿದ್ದೆ?