ತಲೆಹೊರೆಯ ದಾರಿ

“ಮಗೂನ ಮಲಗಿಸ್ದಂಗೆ ತಟ್ತಾ ಇದೀಯಲ್ಲೇ! ಹಂಗೆ ತಟ್ಟಿದ್ರೆ ಕಲ್ಲು ಕೂರುತ್ತೇನೇ? ಎತ್ತಿ ಹಾಕೇ ದಿಮ್ಮಸನ್ನ!”

ಬೆಂಕಿಯಕ್ಕನ ಬಾಯಿಗೆ ಬೆದರಿ ಎದುರಿನ ಹೆಂಗಸು ದಿಮ್ಮಸನ್ನು ಎದೆಮಟ್ಟಕ್ಕೆತ್ತಿ ಕುಕ್ಕಿದಳು. ಲಾರಿಯ ಚಕ್ರಗಳು ಮೊಣಕಾಲುದ್ದ ಕೊರೆದಿದ್ದ ಕೊರಕಲಿನೊಳಗೆ ಸುಣ್ಣ ಸುಡುವ ಗೂಡಿನ ಬೂದಿ, ಬೇಯದೆ ಉಳಿದ ಕಲ್ಲು, ಸುಣ್ಣದ ಗಸಿ ಎಲ್ಲ ಒಂದಕ್ಕೊಂದು ಕಚ್ಚಿಕೊಂಡು ಕೂತವು. ಹಿಂದೆಯೇ ಇನ್ನೊಬ್ಬಳು ನೀರು ಚಿಮುಕಿಸಿಕೊಂಡು ಬಂದಳು. ಬೆಳಗಿನಿಂದ ಬಗ್ಗಿದ ಸೊಂಟ ಯಾರದೂ ನೆಟ್ಟಗಾಗಿರಲಿಲ್ಲ. ಆದರೂ ಇವತ್ತು ಯಾರೂ ಗೊಣಗುತ್ತಿರಲಿಲ್ಲ. ನಾಳೆ ಸಾಹೇಬರು ಬರುತ್ತಾರೆ. ತಮ್ಮಂಥವರ ಅರ್ಜಿಗೆ ಬೆಲೆ ಕೊಟ್ಟು, ತಮ್ಮ ದಾರಿ ನೋಡಲೆಂದೇ ಬರುತ್ತಾರೆ. ಅಷ್ಟು ದೊಡ್ಡವರ ಕಾಲಡಿ ಕೊರಕಲು ಇರುವುದುಂಟೆ?

ದೊಡ್ಡವರು ಯಾರು ಬಂದರೂ ಗೂಡಿನವರು ಹೀಗೇ. ಮೊದಲು ಕೈಗೆ ಬರುವುದು ಪೊರಕೆ, ಆಮೇಲೆ ಗುದ್ದಲಿ, ಕೊನೆಗೆ ಸುಣ್ಣದ ಪುಡಿ. ಬೆಂಕಿಯಕ್ಕನ ಮಗಳು ಬುಟ್ಟಿ ಸೊಂಟಕ್ಕಿಟ್ಟುಕೊಂಡು ಓಣಿಯ ಎರಡೂ ಅಂಚಿಗೆ ಬಿಳಿ ಗೆರೆ ಎಳೆಯುತ್ತಾ ಹೋಗುತ್ತಿದ್ದಳು.

“ಏನೇ ಇದು, ದಿಬ್ಬಣ ಬರ್ತಾ ಇದೆಯಾ?” ಎಂದಳು ಬೆಂಕಿಯಕ್ಕನ ಅತ್ತೆ, ದಿಬ್ಬದ ಮೇಲೆ ಕೂತು.

“ಗೆರೆ ಸೊಟ್ಟ ಆದ್ರೆ ಹೇಳು ಅತ್ತೆ, ಬಾಯಿ ಮುಚ್ಕೊಂಡು ಕೂತ್ಕೋ” ಎಂದಳು ಬೆಂಕಿಯಕ್ಕ. ಅವಳ ಆ ಹೆಸರು ಹೆತ್ತವರು ಇಟ್ಟದ್ದಲ್ಲ. ಗೂಡಿನ ಉರಿ ನೋಡಿಕೊಳ್ಳುವ ಕೆಲಸದಿಂದ ಅರ್ಧ ಬಂತು, ಮಿಕ್ಕ ಅರ್ಧ ಬಾಯಿಂದ ಬಂತು.

ಟಾರು ರಸ್ತೆಯಿಂದ ಸುಣ್ಣದ ಗೂಡುಗಳವರೆಗೆ ಹೋಗುವ ಈ ಮಣ್ಣಿನ ಓಣಿ ಒಂದು ವಿಚಿತ್ರ ಆಸ್ತಿ. ಮಳೆಗೆ ಕಿತ್ತುಹೋದಾಗ ಅದು ಗೂಡಿನವರದು. “ನೀವು ಓಡಾಡೋ ದಾರಿ, ನೀವೇ ಸರಿ ಮಾಡ್ಕೊಳ್ಳಿ” ಎನ್ನುತ್ತಾನೆ ಧಣಿ. ಸರಿ ಮಾಡಿದ ಮರುದಿನ ಅದು ಧಣಿಯದು, ಅವನ ಲಾರಿಗಳು ಬುಸುಗುಟ್ಟಿಕೊಂಡು ಓಡುತ್ತವೆ. ಓಣಿಯ ಆಚೀಚೆಯ ತೋಟ ಅವನದು, ಕೊನೆಯ ಕಲ್ಲುಗುಂಡಿ ಅವನದು, ಗೂಡು ನಿಂತ ನೆಲವೂ ಅವನದೇ. ಉರಿಗೆ ಬೇಯುವ ಮೈ ಮಾತ್ರ ಗೂಡಿನವರದು.

ಬೆಂದ ಸುಣ್ಣ ಒಂದೋ ಧಣಿಯ ಲಾರಿ ಹತ್ತಬೇಕು, ಇಲ್ಲವೇ ಇವರ ತಲೆ ಹತ್ತಬೇಕು. ಲಾರಿ ಹತ್ತಿದರೆ ಅದು ಧಣಿಯ ಸುಣ್ಣವಾಯಿತು, ಅವನು ಕೊಟ್ಟಿದ್ದೇ ಸರಿ. ತಲೆ ಹತ್ತಿ ಟಾರು ರಸ್ತೆ ಮುಟ್ಟಿದರೆ ಮಾತ್ರ ತಮ್ಮ ಬೆಲೆಗೆ ಮಾರಬಹುದು. ಈ ವರ್ಷ ಬೆಂಕಿಯಕ್ಕನ ಮೈದುನ ಎಲ್ಲಿಂದಲೋ ಒಂದು ಹಳೇ ಲಗೇಜ್ ಆಟೊ ತಂದ. ಅದು ಗೂಡಿನ ಮುಂದೆ ಬಂದು ನಿಂತ ದಿನ ಹೆಂಗಸರೆಲ್ಲ ಅದನ್ನು ಮುಟ್ಟಿ ಮುಟ್ಟಿ ನೋಡಿದ್ದರು. ಅದೇ ವಾರ ಓಣಿಯ ಬಾಯಿಗೆ ಎರಡು ಕಲ್ಲುಕಂಬ ಎದ್ದವು, ನಡುವೆ ಒಂದು ಕಬ್ಬಿಣದ ಪೈಪು, ಅದಕ್ಕೊಂದು ಬೀಗ. ಮನುಷ್ಯರು ಮೈ ಅಡ್ಡ ಮಾಡಿದರೆ ನುಸುಳಬಹುದು, ಆಟೊ ನುಸುಳುವಂತಿಲ್ಲ. ಬೀಗದ ಕೈ ಧಣಿಯ ಜೇಬಿನಲ್ಲಿ.

ಹರಳು ಸುಣ್ಣಕ್ಕೆ ನೀರು ಸೋಕಿದರೆ ಅದು ಕುದಿಯುತ್ತದೆ. ಬೆಂಕಿಯಕ್ಕನ ಗಂಡ ಬುಟ್ಟಿ ಹೊತ್ತು ಓಣಿಯ ನಡುವೆ ಇದ್ದಾಗ ಒಂದು ಸಲ ಮಳೆ ಹನಿಯಿತು. ಅವನಿಗೆ ಎಡಗಣ್ಣು ಹೋಯಿತು, ನೆತ್ತಿಯ ಮೇಲೆ ಕೂದಲು ಮತ್ತೆ ಬರಲಿಲ್ಲ. ಈಗ ಗೂಡಿನ ಮೂಲೆಯಲ್ಲಿ ಕೂತು ಇದ್ದಿಲು ಒಡೆಯುತ್ತಾನೆ. ಕಳೆದ ತಿಂಗಳು ಆಟೊ ಕಂಬದಾಚೆ ನಿಂತಿತ್ತು, ಹೊರುವವರು ಸಾಲದೆ ಮಗಳು ಮೊದಲ ಸಲ ಬುಟ್ಟಿ ಹೊತ್ತಳು. ಆಕಾಶ ಅವಳಿಗೂ ಅದನ್ನೇ ಮಾಡಿತು. ಬುಟ್ಟಿ ಎಸೆದು ಓಡಿ ಬರುವಷ್ಟರಲ್ಲಿ ಕತ್ತಿನ ಹಿಂದೆ ಅಂಗೈಯಗಲ ಚರ್ಮ ಸುಲಿದಿತ್ತು. ಹುಡುಗಿ ಅಳಲಿಲ್ಲ. “ಅಮ್ಮಾ, ಅಪ್ಪಂಗೂ ಮೊದಲು ಹಿಂಗೇ ಉರೀತಾ?” ಎಂದು ಕೇಳಿದಳು.

ಆ ಮಾತು ಕೇಳಿದ ಬೆಂಕಿಯಕ್ಕ ಮಾರನೆಯ ದಿನವೇ ಕಚೇರಿಯ ಮೆಟ್ಟಿಲು ಹತ್ತಿ, ಲಾರಿ ಓಡಾಡುವ ದಾರಿಯಲ್ಲಿ ಆಟೊವನ್ನೂ ಬಿಡಿಸಿಕೊಡಿ ಎಂದು ಅರ್ಜಿ ಕೊಟ್ಟಳು. ಆಟೊ ಗೂಡಿನವರೆಗೆ ಬಂದರೆ ಮಗಳ ತಲೆ ಉಳಿಯುತ್ತದೆ, ಬರದಿದ್ದರೆ ಇಲ್ಲ. ಅವಳಿಗೆ ಗೊತ್ತಿದ್ದ ಕಾನೂನು ಅಷ್ಟೇ.

ದಿಮ್ಮಸಿನ ಸದ್ದಿನ ನಡುವೆ ಹಾರ್ನ್ ಕೇಳಿಸಿತು. ಧಣಿಯ ಕಾರು.

“ಏಯ್, ದಾರಿ ಮಧ್ಯೆ ಎಮ್ಮೆಗಳ ತರ ಬಿದ್ಕೊಂಡಿದೀರಲ್ಲ, ಸರೀರೇ ಮುಂಡೇರಾ!”

ಹೆಂಗಸರು ದಿಬ್ಬಕ್ಕೆ ಒತ್ತಿಕೊಂಡರು. ಕಾರು ಮುಂದೆ ಹೋಗಲಿಲ್ಲ. ಧಣಿ ಗಾಜಿನಿಂದ ತಲೆ ಹೊರಗೆ ಹಾಕಿ ಓಣಿಯುದ್ದಕ್ಕೂ ನೋಡಿದ. ನಾಲಿಗೆಗೆ ಬಂದಿದ್ದ ಇನ್ನೊಂದು ಬೈಗುಳ ಅಲ್ಲೇ ನಿಂತಿತು. ಕೆಳಗಿಳಿದ. ತುಂಬಿದ ಕೊರಕಲನ್ನು ಬೂಟಿನ ತುದಿಯಿಂದ ತಟ್ಟಿ ನೋಡಿದ, ಬಿಳಿ ಗೆರೆ ನೋಡಿದ. ಅವನ ಮುಖದಲ್ಲಿ ನಗೆ ಹರಡಿತು.

“ನಾಳೆ ಸಾಹೇಬ್ರು ಬರ್ತಾರೆ ಅಂತಾನಾ? ಒಳ್ಳೇ ಕೆಲಸ ಕಣೇ. ಒಂದು ಕೊರಕಲೂ ಕಣ್ಣಿಗೆ ಬೀಳಬಾರ್ದು ನೋಡು. ನೀರು ಸಾಲ್ದಿದ್ರೆ ಹೇಳು, ಟ್ಯಾಂಕರ್ ಕಳಿಸ್ತೀನಿ.”

ಕೇಳುವ ಮೊದಲೇ ಟ್ಯಾಂಕರ್ ಬಂತು. ಬೆಂಕಿಯಕ್ಕ ಹಿಗ್ಗಿಹೋದಳು.

“ನೋಡಿದ್ಯಾ ಅತ್ತೆ? ಸಾಹೇಬ್ರ ಹೆಸರು ಕೇಳಿ ಹೆಂಗೆ ಮೆತ್ತಗಾದ!”

ಅತ್ತೆ ನಗಲಿಲ್ಲ. “ಅವನು ನನ್ನ ಹತ್ರ ನಗ್ತಾ ಮಾತಾಡಿದ್ದು ಒಂದೇ ಸಲ. ನಿನ್ನ ಮಾವನ ಗೂಡು ಕಿತ್ಕೊಂಡ ದಿನ” ಎಂದಳು.

ಮರುದಿನ ಬಿಸಿಲು ಏರಿದ ಮೇಲೆ ಜೀಪು ಬಂತು. ಮುಂದಿನ ಸೀಟಿನಲ್ಲಿ ಸಾಹೇಬರು, ಅವರಿಗೆ ಅಂಟಿಕೊಂಡು ಧಣಿ. ಪೈಪು ತಾನಾಗಿಯೇ ಎದ್ದಿತ್ತು. ಜೀಪು ಒಂದಿಷ್ಟೂ ಕುಲುಕದೆ ನೀರಿನ ಮೇಲೆ ದೋಣಿ ಬಂದ ಹಾಗೆ ಗೂಡಿನ ಮುಂದೆ ಬಂದು ನಿಂತಿತು. ಮೈದುನ ಆಟೊವನ್ನು ಟಾರು ರಸ್ತೆಯಲ್ಲೇ ಬಿಟ್ಟು ಓಡಿಬಂದಿದ್ದ. ಬೆಂಕಿಯಕ್ಕ ಕೈ ಮುಗಿದು ಮುಂದೆ ಹೋದಳು.

“ಅಲ್ಲೇ ನಿಲ್ಲು, ಅಲ್ಲೇ. ಮೈಯೆಲ್ಲಾ ಧೂಳು” ಎಂದರು ಸಾಹೇಬರು, ಕರವಸ್ತ್ರ ಮೂಗಿಗೆ ಹಿಡಿದು. ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

ಸಾಹೇಬರು ಓಣಿಯಲ್ಲಿ ಸ್ವಲ್ಪ ದೂರ ನಡೆದರು. ತಲೆ ತಗ್ಗಿಸಿ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು.

“ದಾರಿ ಚೆನ್ನಾಗಿ ಇಟ್ಕೊಂಡಿದೀರಿ.”

“ಎಲ್ಲಾ ನಾವೇ ಮಾಡಿದ್ದು ಸಾಹೇಬ್ರೇ!” ಅವಳ ಮುಖ ಅರಳಿತು.

“ಆದ್ರೆ ಮೋಟಾರು ಓಡಾಡಿದ ಗುರುತೇ ಇಲ್ವಲ್ಲ. ಹಿಂದಿನಿಂದ ಲಾರಿ ಓಡ್ತಿತ್ತು ಅಂತ ಅರ್ಜೀಲಿ ಹೇಳಿದೀಯ. ಲಾರಿ ಓಡಿದ್ರೆ ಮಣ್ಣಿನ ದಾರೀಲಿ ಚಕ್ರದ ಕೊರಕಲು ಇರಬೇಕಿತ್ತು. ಎಲ್ಲಿ?”

ಬೆಂಕಿಯಕ್ಕ ಕಾಲಡಿಯ ಬಿಳಿ ಗೆರೆ ನೋಡಿದಳು, ಮಟ್ಟಸವಾದ ನೆಲ ನೋಡಿದಳು, ಟ್ಯಾಂಕರ್ ಏಕೆ ಬಂತೆಂಬುದು ಆಗ ತಿಳಿಯಿತು.

“ಇತ್ತು ಸಾಹೇಬ್ರೇ. ಮೊಣಕಾಲುದ್ದ ಇತ್ತು. ನಿನ್ನೆ ನಾವೇ ಮುಚ್ಚಿದ್ವಿ.”

“ಯಾಕೆ ಮುಚ್ಚಿದ್ರಿ?”

“ನೀವು ಬರ್ತೀರಿ ಅಂತ.”

ಧಣಿ ಹೊಟ್ಟೆ ಹಿಡಿದುಕೊಂಡು ನಕ್ಕ. “ಕೇಳಿದ್ರಾ ಸಾರ್? ಇದ್ದ ಗುರುತು ನಿಮಗೋಸ್ಕರ ಮುಚ್ಚಿದ್ರಂತೆ! ನಮ್ಮ ತಾತನ ಕಾಲದಿಂದ ಇವರು ಇಲ್ಲಿ ನಡ್ಕೊಂಡೇ ಓಡಾಡಿದ್ದು. ತಲೆ ಮೇಲೆ ಹೊರೆ, ಕಾಲಲ್ಲಿ ನಡಿಗೆ. ಮೋಟಾರು ಅಂದ್ರೇನು ಅಂತ ಈ ವರ್ಷ ಕಂಡ್ರು.”

“ಸುಳ್ಳು! ನಿಮ್ಮ ಲಾರಿಗಳೇ ದಿನಾ ಓಡ್ತಿದ್ವಲ್ಲ ಧಣಿ! ಈ ವಾರ ಎಲ್ಲೋ ಬಚ್ಚಿಟ್ಟಿದೀರಿ!” ಎಂದು ಮೈದುನ ಕೂಗಿದ.

“ಬಾಯಿ ಮುಚ್ಚೋ ಬೇವರ್ಸಿ.”

“ಅಗೆದು ತೋರಿಸ್ತೀವಿ ಸಾಹೇಬ್ರೇ” ಎಂದಳು ಬೆಂಕಿಯಕ್ಕ. “ಒಂದು ಗಳಿಗೆ ನಿಲ್ಲಿ. ಇಲ್ಲೇ ಅಗೀತೀವಿ, ಕೊರಕಲು ಕಾಣುತ್ತೆ.”

“ನೀವು ಈಗ ಅಗೆದ ಗುಂಡೀನ ನಾನು ಹಳೇ ಕೊರಕಲು ಅಂತ ಬರೀಬೇಕಾ? ನನಗೆ ಬೇರೆ ಕೆಲಸ ಇಲ್ವಾ?”

“ಹಂಗಾದ್ರೆ ಇದು?” ಅವಳು ಒದ್ದೆ ನೆಲದ ಮೇಲೆ ಜೀಪು ಬಿಟ್ಟುಬಂದಿದ್ದ ಎರಡು ಜಾಡುಗಳತ್ತ ಕೈ ತೋರಿಸಿದಳು. “ಇದು ಯಾರ ಚಕ್ರ?”

“ಅದು ಸರ್ಕಾರಿ ಜೀಪು ಕಣಮ್ಮ. ಅದು ಲೆಕ್ಕಕ್ಕೆ ಬರಲ್ಲ.”

ಸಾಹೇಬರು ಜೀಪಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು ಬರೆದರು. ಬರೆದದ್ದನ್ನು ಗಟ್ಟಿಯಾಗಿ ಓದಿದರು. ಇದು ಕಾಲುದಾರಿ. ಮೋಟಾರು ಓಡಾಡಿದ ಕುರುಹಿಲ್ಲ. ಕಾಲ್ನಡಿಗೆಗೆ ಮತ್ತು ತಲೆಹೊರೆಗೆ ಮಾತ್ರ ಅವಕಾಶ. ಕಾಗದವನ್ನು ತಗಡಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರು.

ಧಣಿ ಬೆಂಕಿಯಕ್ಕನ ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. “ಕೇಳಿಸ್ತೇನೇ ಹುಡುಗಿ? ನಾಳೆಯಿಂದ ಬುಟ್ಟಿ ಎತ್ತು. ಒಳ್ಳೇ ವಯಸ್ಸು, ಹೊತ್ತರೆ ಕತ್ತು ಗಟ್ಟಿಯಾಗುತ್ತೆ.”

ಹುಡುಗಿಯ ಕೈ ತಾನಾಗಿಯೇ ಕತ್ತಿನ ಹಿಂದಕ್ಕೆ ಹೋಯಿತು.

ಬೆಂಕಿಯಕ್ಕ ಅಳಲಿಲ್ಲ. ನಾಚಿಕೆ ಒಂದು ಕಡೆ, ಹೇಳಲಾರದ ಸಿಟ್ಟು ಇನ್ನೊಂದು ಕಡೆ. ಧಣಿ ಮೋಸ ಮಾಡಿದ್ದಕ್ಕಿಂತ ಹೆಚ್ಚಾಗಿ, ಆ ಮೋಸವನ್ನು ತನ್ನ ಕೈಯಿಂದಲೇ, ತನ್ನವರ ಸೊಂಟ ಮುರಿದು ಮಾಡಿಸಿದನಲ್ಲ ಎಂದು ಮೈ ಉರಿಯಿತು. ಸಾಹೇಬರು, ಧಣಿ ಇಬ್ಬರೂ ಗೂಡಿನ ನೆರಳಿಗೆ ಹೋಗಿ ಫ್ಲಾಸ್ಕಿನಿಂದ ಟೀ ಬಗ್ಗಿಸಿಕೊಂಡು ಕುಡಿಯತೊಡಗಿದರು. ಅವಳು ಗೋಡೆಗೆ ಒರಗಿಸಿದ್ದ ಹಾರೆ ತೆಗೆದುಕೊಂಡು ಓಣಿಗೆ ನಡೆದಳು.

ಎರಡೂ ಕಡೆ ದಿಬ್ಬ ಒತ್ತಿಬಂದು ಓಣಿ ಕಿರಿದಾಗುವ ಜಾಗವೊಂದಿತ್ತು. ಲಾರಿಗಳು ಅಲ್ಲೇ ಹೂತು ಹೂತು ಓಣಿಯಗಲಕ್ಕೂ ಗುಂಡಿ ಬಿದ್ದಿತ್ತು. ನಿನ್ನೆ ಅತಿ ಹೆಚ್ಚು ಬುಟ್ಟಿ ಸುರಿದದ್ದು ಅಲ್ಲಿಗೇ. ಅವಳು ಹಾರೆ ಎತ್ತಿ ಹಾಕಿದಳು. ಮೇಲಿನ ಪೊರೆ ಬಿರಿಯಿತು, ಅಡಿಯ ಗಸಿ ಇನ್ನೂ ಹಸಿ. ಹಾರೆ ಸಲೀಸಾಗಿ ಇಳಿಯಿತು.

ಎರಡನೆಯ ಏಟು ಬೀಳುವಷ್ಟರಲ್ಲಿ ನಿನ್ನೆ ದಿಮ್ಮಸು ಹಿಡಿದಿದ್ದ ಹೆಂಗಸು ಗುದ್ದಲಿಯೊಂದಿಗೆ ಪಕ್ಕಕ್ಕೆ ಬಂದಿದ್ದಳು. ಆಮೇಲೆ ಮೈದುನ ಬಂದ. ಒಕ್ಕಣ್ಣಿನ ಗಂಡನೂ ತಡವರಿಸಿಕೊಂಡು ಬಂದು ಬರಿಗೈಯಲ್ಲಿ ಕಲ್ಲು ಎತ್ತತೊಡಗಿದ. ಬುಟ್ಟಿಗಳು ಕೈಯಿಂದ ಕೈಗೆ ಸಾಗಿ ದಿಬ್ಬದ ಮೇಲೆ ಖಾಲಿಯಾದವು. ಟೀ ಮುಗಿಸಿ ಹೊರಟ ಜೀಪು ಗುಂಡಿಯ ಅಂಚಿಗೆ ಬಂದು ಗಕ್ಕನೆ ನಿಂತಿತು.

“ಏನೇ ಮಾಡ್ತಿದೀಯಾ ಬೋಳಿಮುಂಡೆ!” ಧಣಿ ಜೀಪಿನಿಂದ ಹಾರಿದ.

“ನಿನ್ನೆ ಹಾಕಿದ್ದನ್ನ ವಾಪಸ್ ತಗೊಳ್ತಾ ಇದೀವಿ ಧಣಿ. ನೆಲ ನಿಮ್ದು, ಅದನ್ನ ಮುಟ್ಟಲ್ಲ. ಕಲ್ಲು, ಬೂದಿ, ಗಸಿ ನಮ್ಮ ಗೂಡಿಂದು.”

ಸಾಹೇಬರ ಮುಖ ಕೆಂಪಾಯಿತು. “ಸರ್ಕಾರಿ ವಾಹನಕ್ಕೆ ಅಡ್ಡ ಬರ್ತಿದೀಯ. ಇದು ಏನು ಅಪರಾಧ ಗೊತ್ತಾ?”

“ಯಾವ ವಾಹನ ಸಾಹೇಬ್ರೇ? ಇಲ್ಲಿ ಮೋಟಾರು ಬಂದೇ ಇಲ್ಲ ಅಂತ ನೀವೇ ಬರೆದ್ರಿ. ಬರದೇ ಇರೋ ಜೀಪು ವಾಪಸ್ ಹೋಗೋದಾದ್ರೂ ಹೆಂಗೆ?”

ಹಿಂದೆ ಯಾರೋ ಕಿಸಕ್ಕೆಂದರು. ನಗು ಒಬ್ಬರಿಂದೊಬ್ಬರಿಗೆ ಹಬ್ಬಿತು. ಧಣಿಯ ಎದುರು ಗೂಡಿನವರು ನಕ್ಕದ್ದು ಅದೇ ಮೊದಲು. ಅವರಿಗೇ ಅದು ಹೊಸದಾಗಿ ಕೇಳಿಸಿತು.

“ಪೊಲೀಸರನ್ನ ಕರೆಸ್ತೀನಿ. ಒಬ್ಬೊಬ್ಬರನ್ನೂ ಒಳಗೆ ಹಾಕಿಸ್ತೀನಿ, ಸೂಳೆಮಕ್ಕಳಾ!”

“ಕರೆಸಪ್ಪಾ” ಎಂದಳು ದಿಬ್ಬದ ಮೇಲಿನ ಅತ್ತೆ. “ನಡ್ಕೊಂಡು ಬರೋಕೆ ಹೇಳು. ಅವರದೂ ಮೋಟಾರೇ ಅಲ್ವಾ?”

ಸಾಹೇಬರು ಗುಂಡಿ ನೋಡಿದರು, ಹಾರೆ ಗುದ್ದಲಿಗಳನ್ನು ನೋಡಿದರು. ಈ ಜನರ ನಡುವೆ ಇನ್ನೊಂದು ಗಳಿಗೆಯೂ ನಿಲ್ಲುವ ಮನಸ್ಸು ಅವರಿಗಿರಲಿಲ್ಲ. “ನಡ್ಕೊಂಡೇ ಹೋಗೋಣ ನಡೀರಿ. ಪೆಟ್ಟಿಗೆ ಮಾತ್ರ ಬಿಟ್ಟು ಹೋಗೋ ಹಾಗಿಲ್ಲ” ಎಂದರು. ಡ್ರೈವರು ಪೆಟ್ಟಿಗೆ ತಂದು ನೆಲದ ಮೇಲಿಟ್ಟು, ಇನ್ನು ತನ್ನ ಕೆಲಸವಲ್ಲ ಎಂಬಂತೆ ಜೀಪಿಗೆ ಒರಗಿ ನಿಂತ.

ಧಣಿ ಸುತ್ತಲೂ ನೋಡಿದ. ಬೆರಳು ಮಾಡಿ ಕರೆದ. “ಏ ಹುಡುಗಿ, ಬಾ ಇಲ್ಲಿ. ಸಾಹೇಬ್ರ ಪೆಟ್ಟಿಗೆ ಎತ್ಕೋ. ರಸ್ತೆವರೆಗೂ ಹೊತ್ಕೊಂಡು ಬಾ.”

ಕರೆದರೆ ಹೋಗುವ ಕಾಲುಗಳು ಅವು, ಮಗಳು ಬಂದಳು. ದುಪಟ್ಟಾ ಎಳೆದು, ಹೊರೆಯಡಿ ತಲೆಗಿಡುವ ಸಿಂಬೆ ಸುತ್ತತೊಡಗಿದಳು. ಬಟ್ಟೆ ಸರಿದು ಕತ್ತಿನ ಹಿಂದಿನ ಸುಟ್ಟ ಗಾಯ ಎಲ್ಲರಿಗೂ ಕಂಡಿತು.

ಹಾರೆ ನೆಲಕ್ಕೆ ಬಿತ್ತು. ಬೆಂಕಿಯಕ್ಕ ಮಗಳನ್ನು ಪಕ್ಕಕ್ಕೆ ಸರಿಸಿ, ಪೆಟ್ಟಿಗೆಯನ್ನು ಎರಡೂ ಕೈಯಿಂದ ಎತ್ತಿದಳು. ಅವಳೇ ಹೊರುತ್ತಾಳೆಂದುಕೊಂಡು ಸಾಹೇಬರು ಮುಂದಕ್ಕೆ ತಿರುಗಿದರು. ಅವಳು ಪೆಟ್ಟಿಗೆಯನ್ನು ಇನ್ನೂ ಮೇಲಕ್ಕೆತ್ತಿ ಧಣಿಯ ಎದುರಿಗೆ ಬಂದು ನಿಂತಳು.

“ತಲೆಹೊರೆ ಮಾತ್ರ ಅಂತ ಆರ್ಡರ್ ಆಗಿದೆ. ತಲೆ ಬಗ್ಗಿಸು.”

ಇಷ್ಟು ವರ್ಷದಲ್ಲಿ ಅವಳು ಒಮ್ಮೆಯೂ ಅವನನ್ನು ‘ನೀನು’ ಎಂದಿರಲಿಲ್ಲ. ಧಣಿ ಸಾಹೇಬರ ಕಡೆ ನೋಡಿದ. ಹಾರೆ ಗುದ್ದಲಿ ಹಿಡಿದವರು ಸುತ್ತ ಒತ್ತಾಗಿ ನಿಂತಿದ್ದರು. ಭಾರದ ಪೆಟ್ಟಿಗೆ ಅವಳ ಕೈಯಲ್ಲಿ ಅವನ ತಲೆಗಿಂತ ಒಂದು ಗೇಣು ಮೇಲೆ ನಿಂತೇ ಇತ್ತು.

ಮಗಳು ಮುಂದೆ ಬಂದು ತಾನು ಸುತ್ತಿದ್ದ ಸಿಂಬೆಯನ್ನು ಧಣಿಯ ನೆತ್ತಿಯ ಮೇಲಿಟ್ಟಳು.