ಒಂಬತ್ತು ಉಂಗುರದ ಮೀನು

ವರ್ನಾ ಪ್ರಿಚೆಟ್ ಮನೆಯ ಫ್ರೀಜರಿನಲ್ಲಿ ಬೆಣ್ಣೆಗಿಂತ ಮೀನಿನ ತಲೆಗಳೇ ಹೆಚ್ಚಿದ್ದವು. ಟಿನ್‌ಕಪ್ ಕೆರೆಯ ದಡದ ಬೇಸಿಗೆ ಕಾಟೇಜುಗಳವರು ಟ್ರೌಟ್ ಮೀನು ಹಿಡಿದರೆ ಮಾಂಸ ತಾವಿಟ್ಟುಕೊಂಡು, ತಲೆಯನ್ನು ಮೊಸರಿನ ಖಾಲಿ ಡಬ್ಬಿಗೆ ಹಾಕಿ, ಮುಚ್ಚಳದ ಮೇಲೆ ತಾರೀಕು ಬರೆದು ಅವಳ ಮೆಟ್ಟಿಲ ಮೇಲಿಟ್ಟು ಹೋಗುತ್ತಿದ್ದರು. ತಲೆ ಕೊಡಿ ಎಂದು ಕೇಳಿದವಳು ಅವಳೇ. ಮೂವತ್ತು ವರ್ಷ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ದುಡಿದವಳಿಗೆ ನಿವೃತ್ತಿಯ ಮೇಲೂ ಕಣ್ಣು ಸುಮ್ಮನಿರಲಿಲ್ಲ.

ಅವಳಿಗೆ ಗೊತ್ತಾಗಬೇಕಿದ್ದದ್ದು ಒಂದೇ. ಈ ಕೆರೆಯಲ್ಲಿ ಮರಿ ಟ್ರೌಟ್ ಯಾಕಿಲ್ಲ? ವರ್ಷಕ್ಕೆ ಹತ್ತಿಪ್ಪತ್ತು ಮೀನು ಸಿಗುತ್ತಿದ್ದವು, ಎಲ್ಲವೂ ದಪ್ಪ, ಎಲ್ಲವೂ ಮುದಿ. ಕೆರೆಯ ಸಂಘದ ಅಧ್ಯಕ್ಷ ಗ್ಲೆನ್ ಹಾರ್ಟಿಗ್‌ಗೆ ಕಾರಣ ಹುಡುಕುವ ತಾಳ್ಮೆ ಇರಲಿಲ್ಲ. ಮರಿಕೇಂದ್ರದಿಂದ ಮಿಶ್ರತಳಿಯ ಮೀನು ತಂದು ಬಿಡೋಣ, ಬೇಗ ಬೆಳೆಯುತ್ತವೆ, ಮಕ್ಕಳಿಗೆ ಗಾಳ ಹಾಕಲು ಏನಾದರೂ ಇರುತ್ತದೆ ಎನ್ನುತ್ತಿದ್ದ. ಆ ಮಿಶ್ರತಳಿ ಈ ಕೆರೆಯಲ್ಲಿ ಮರಿ ಮಾಡುವುದಿಲ್ಲ, ಆದರೆ ಇರುವ ಮೀನುಗಳ ಊಟವನ್ನೆಲ್ಲ ತಿಂದು ಮುಗಿಸುತ್ತದೆ. ಹಿಮಯುಗ ಮುಗಿದಾಗಿನಿಂದ ಇಲ್ಲೇ ಇದ್ದ ವಂಶ ಅಲ್ಲಿಗೆ ಮುಗಿಯುತ್ತಿತ್ತು. ಅಕ್ಟೋಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಶನಿವಾರ, ಚಳಿಗಾಲಕ್ಕೆ ಕೆರೆಯ ನೀರು ಇಳಿಸಲು ತೂಬಿಗೆ ಅಡ್ಡವಿಟ್ಟ ದಿಮ್ಮಿಗಳನ್ನು ತೆಗೆಯುವ ಮುಂಚೆ, ಗ್ಲೆನ್‌ನ ಸಲಹೆಯನ್ನು ಮತಕ್ಕೆ ಹಾಕುವುದಿತ್ತು.

ಅದರ ಹಿಂದಿನ ದಿನ, ಶುಕ್ರವಾರ ಮಧ್ಯಾಹ್ನ, ಅವಳು ಹತ್ತೊಂಬತ್ತನೆಯ ಡಬ್ಬಿ ತೆರೆದಳು. ಸೆಪ್ಟೆಂಬರಿನಲ್ಲಿ ಗ್ಲೆನ್ನನೇ ತಂದಿಟ್ಟದ್ದು. ಉಳಿದವಕ್ಕಿಂತ ತಲೆ ಸಣ್ಣದಿತ್ತು.

ಮೀನಿನ ತಲೆಬುರುಡೆಯೊಳಗೆ, ಮಿದುಳಿನ ಕೆಳಗೆ, ಅಕ್ಕಿಕಾಳಿನಷ್ಟಿರುವ ಎರಡು ಬಿಳಿ ಕಲ್ಲುಗಳಿರುತ್ತವೆ. ಕಿವಿಗಲ್ಲು ಎನ್ನುತ್ತಿದ್ದಳು ವರ್ನಾ. ಬೇಸಿಗೆಗೊಂದು ಅಗಲ ಪಟ್ಟಿ, ಚಳಿಗಾಲಕ್ಕೊಂದು ಸಣ್ಣ ಗೆರೆ, ಮರದ ಕಾಂಡದ ಹಾಗೆ ವರ್ಷಕ್ಕೊಂದು ಉಂಗುರ. ಒಂದು ಕಲ್ಲನ್ನು ಚಿಮಟದಲ್ಲಿ ಹಿಡಿದು ನಡುವೆ ಮುರಿದಳು. ಮುರಿದ ಮುಖವನ್ನು ಮೇಣದಬತ್ತಿಯ ಉರಿಗೆ ಒಡ್ಡಿ ಕಂದು ಬಣ್ಣ ಬರುವತನಕ ಸುಟ್ಟು, ಒಂದು ಹನಿ ಎಣ್ಣೆ ಸವರಿ ಮಸೂರದ ಕೆಳಗಿಟ್ಟಳು.

ಒಂಬತ್ತು.

ಮತ್ತೆ ಎಣಿಸಿದಳು. ಒಂಬತ್ತೇ. ಎರಡನೆಯ ಕಲ್ಲನ್ನೂ ಮುರಿದು, ಸುಟ್ಟು, ಎಣಿಸಿದಳು. ಅದೂ ಅದನ್ನೇ ಹೇಳಿತು.

ಉಳಿದ ಹದಿನೆಂಟು ಮೀನುಗಳಲ್ಲಿ ಎಲ್ಲಕ್ಕಿಂತ ಚಿಕ್ಕದಕ್ಕೆ ಇಪ್ಪತ್ತು ವರ್ಷ. ಅಂದರೆ ಈ ಕೆರೆಯಲ್ಲಿ ಇಪ್ಪತ್ತು ವರ್ಷದಿಂದ ಮರಿ ಉಳಿದಿಲ್ಲ ಎಂದೇ ಅವಳು ಬರೆದುಕೊಂಡಿದ್ದಳು. ಇದೊಂದು ಮಾತ್ರ ಹೇಗೆ ಉಳಿಯಿತು? ಕಾಗದದ ಮೇಲೆ ಹಿಂದಕ್ಕೆ ಲೆಕ್ಕ ಹಾಕಿದಳು. ಮರಿಯಾದದ್ದು ಎರಡು ಸಾವಿರದ ಹದಿನಾಲ್ಕರ ವಸಂತದಲ್ಲಿ. ಮೊಟ್ಟೆ ಬಿದ್ದದ್ದು ಅದರ ಹಿಂದಿನ ಅಕ್ಟೋಬರಿನಲ್ಲಿ.

ವರ್ಷಪೂರ್ತಿ ಕೆರೆಯ ದಡದಲ್ಲೇ ಇರುತ್ತಿದ್ದವನು ಲೋರ್ನ್ ಟಟಲ್ ಒಬ್ಬನೇ. ತೂಬು ನೋಡಿಕೊಳ್ಳುವುದು ಅವನ ಅಪ್ಪನಿಂದ ಬಂದ ಕೆಲಸ. ಎಪ್ಪತ್ತೆಂಟರ ಮುದುಕ ತನ್ನ ಕೊಟ್ಟಿಗೆಯಲ್ಲಿ ಕೂತು, ನಾಳೆ ದಿಮ್ಮಿ ಎಳೆಯುವ ಕೊಕ್ಕೆಗೆ ಎಣ್ಣೆ ಹಚ್ಚುತ್ತಿದ್ದ.

"ಲೋರ್ನ್, ಹತ್ತು ವರ್ಷದ ಹಿಂದೆ, ಅಕ್ಟೋಬರಿನಲ್ಲಿ ಈ ಕೆರೆಗೆ ಏನಾಗಿತ್ತು?"

"ಕೆರೆಗೇನಾಗತ್ತೆ? ಇಲ್ಲೇ ಇತ್ತು."

"ತಮಾಷೆ ಬೇಡ ಮಾರಾಯ. ಮಳೆ ಜಾಸ್ತಿ ಬಂದಿತ್ತಾ? ಚಳಿ ತಡವಾಗಿತ್ತಾ?"

"ನಿನ್ನ ಮೂತಿ ನೋಡಿದ್ರೆ ಯಾವ್ದೋ ಮೀನು ನಿನಗೆ ಸುಳ್ಳು ಹೇಳಿದ ಹಾಗಿದೆ."

"ಮೀನು ಸುಳ್ಳು ಹೇಳಲ್ಲ. ನೀನು ಹೇಳ್ತೀಯ. ಸರಿಯಾಗಿ ನೆನಪು ಮಾಡ್ಕೋ."

ಲೋರ್ನ್ ಎಣ್ಣೆ ಡಬ್ಬಿ ಕೆಳಗಿಟ್ಟ. "ಹತ್ತು ವರ್ಷ ಅಂದ್ರೆ ನನ್ನ ಸೊಂಟದ ಕೀಲು ಬದಲಾಯಿಸಿದ ವರ್ಷ."

"ಹಾಗಾದ್ರೆ ದಿಮ್ಮಿ ಯಾರು ತೆಗೆದ್ರು?"

"ಎಲ್ರೂ ಸೇರಿ ತೆಗೆದ್ರಂತಲ್ಲ. ನೀನೂ ಇದ್ದೆ. ಹಗ್ಗ ಹಿಡ್ಕೊಂಡು ಎಲ್ರಿಗಿಂತ ಜೋರಾಗಿ ಕೂಗ್ತಿದ್ದೆ ಅಂತ ಕೇಳಿದೆ." ಮಾತಾಡುತ್ತ ಕೊಕ್ಕೆಯನ್ನೇ ನೋಡುತ್ತಿದ್ದ.

"ಲೋರ್ನ್, ನಿನ್ನ ಕಿವಿ ಕೆಂಪಾಗಿದೆ."

ಅವನು ಕಿವಿ ಮುಟ್ಟಿ ನೋಡಿಕೊಂಡ. ಆಮೇಲೆ ಇನ್ನು ಬಚ್ಚಿಟ್ಟು ಏನಾಗಬೇಕು ಅನ್ನುವ ಹಾಗೆ ಬೆನ್ನು ಹಿಂದಕ್ಕೆ ಒರಗಿಸಿದ.

"ಆಸ್ಪತ್ರೆಯೋರು ಹಬ್ಬದ ವಾರಾನೇ ಬಾ ಅಂದಿದ್ರು. ನಾನಿಲ್ದೆ ನೀವು ಮೂರು ದಿಮ್ಮಿ ಎಳೆದ್ರೆ ಯಾರಾದ್ರೂ ನೀರಿಗೆ ಬೀಳೋದು ಗ್ಯಾರಂಟಿ. ಅದಕ್ಕೆ ಸೆಪ್ಟೆಂಬರ್ ಮೊದಲನೇ ವಾರದಲ್ಲೇ ಒಬ್ನೇ ಹೋಗಿ ಮೂರೂ ತೆಗೆದೆ. ಮೇಲೆ ಒಂದು ಒಣ ದಿಮ್ಮಿ ಸುಮ್ನೆ ಕೂರಿಸಿಟ್ಟೆ. ಎಳೆದು ಖುಷಿಪಡ್ಲಿ ಪಾಪ, ಅಂತ."

"ನೀರು ಮೂರಡಿ ಇಳಿದಿದ್ದು ಯಾರೂ ಕೇಳ್ಲಿಲ್ವಾ?"

"ಮಳೆ ಇಲ್ಲ, ಈ ಸಲ ಒಂದೇ ದಿಮ್ಮಿ ತೆಗೆದ್ರೆ ಸಾಕು ಅಂದೆ. ನಂಬಿದ್ರು. ನೀನೂ ನಂಬಿದೆ."

ವರ್ನಾ ನಗಲು ಹೊರಟವಳು ಅರ್ಧಕ್ಕೇ ನಿಂತಳು. ಬೋರಲು ಹಾಕಿದ ದೋಣಿಯ ಮೇಲೆ ಕೂತುಕೊಂಡಳು.

ಟಿನ್‌ಕಪ್ ಕೆರೆಯ ಆಳದಲ್ಲೆಲ್ಲ ಕೆಸರು. ಟ್ರೌಟಿಗೆ ಬೇಕಾದ ಶುದ್ಧ ಕಲ್ಲುರಾಶಿ ಇರುವುದು ಪೂರ್ವದ ದಡದ ಇಳಿಜಾರಿನಲ್ಲಿ, ಆಳೆತ್ತರದ ನೀರಿನವರೆಗೆ. ಅಕ್ಟೋಬರಿನ ನಡುವೆ ನೀರು ತಣ್ಣಗಾದಾಗ ಮೀನುಗಳು ಅಲ್ಲಿ ಮಂಡಿಯಿಂದ ಸೊಂಟದ ಮಟ್ಟದ ನೀರಿಗೆ ಬಂದು ಕಲ್ಲುಸಂದಿಯಲ್ಲಿ ಮೊಟ್ಟೆ ಬಿಡುತ್ತವೆ. ದಿಮ್ಮಿ ತೆಗೆದರೆ ಕೆರೆ ಇಳಿಯಲು ಮೂರು ವಾರ ಬೇಕು. ಹಬ್ಬಕ್ಕೆ ತೆಗೆದರೆ ನೀರು ಇಳಿಯುತ್ತಿರುವಾಗಲೇ ಮೊಟ್ಟೆ ಬೀಳುತ್ತದೆ, ನವೆಂಬರಿಗೆ ಆ ಕಲ್ಲೆಲ್ಲ ಬಯಲಾಗಿ ಮೊಟ್ಟೆ ಹೆಪ್ಪುಗಟ್ಟುತ್ತದೆ. ಸೆಪ್ಟೆಂಬರಿನಲ್ಲಿ ತೆಗೆದರೆ ಮೀನು ಬರುವ ಹೊತ್ತಿಗೆ ನೀರು ಇಳಿದು ನಿಂತಿರುತ್ತದೆ. ಅವು ಇನ್ನೂ ಕೆಳಗಿನ ಕಲ್ಲಿನಲ್ಲಿ ಮೊಟ್ಟೆ ಬಿಡುತ್ತವೆ, ಅಷ್ಟೆ.

"ನಿಮ್ಮಪ್ಪ ಯಾವಾಗ ತೆಗೀತಿದ್ರು?" ಎಂದು ಕೇಳಿದಳು.

"ಸೆಪ್ಟೆಂಬರಿನಲ್ಲೇ. ನಾನೂ ಹಾಗೇ ಮಾಡ್ತಿದ್ದೆ. ಹಬ್ಬಕ್ಕೆ ಎಳ್ಕೊಂಡು ಬಂದಿದ್ದು ಯಾರು ಅಂತ ನನ್ನನ್ನ ಕೇಳ್ತೀಯಲ್ಲ ವರ್ನಾ."

ಅವಳಿಗೆ ನೆನಪಾಯಿತು. ಇಪ್ಪತ್ತು ವರ್ಷದ ಹಿಂದಿನ ಜುಲೈ ಸಭೆ. ಅದರ ಹಿಂದಿನ ಶರತ್ಕಾಲದಲ್ಲಿ ಲೋರ್ನ್ ಒಬ್ಬನೇ ತೂಬಿನ ಮೇಲಿಂದ ಜಾರಿ ಬಿದ್ದಿದ್ದ. ಅವನೊಬ್ಬನ ಮೇಲೆ ಯಾಕೆ ಹೊರಿಸಬೇಕು, ಹಬ್ಬಕ್ಕೆ ಎಲ್ಲರೂ ಬಂದಿರುತ್ತೇವೆ, ಸೇರಿ ಎಳೆಯೋಣ, ಆಮೇಲೆ ಒಟ್ಟಿಗೆ ಊಟ ಮಾಡೋಣ ಎಂದು ಎದ್ದು ನಿಂತು ಹೇಳಿದವಳು ಅವಳೇ. ಎಲ್ಲರೂ ಚಪ್ಪಾಳೆ ತಟ್ಟಿದ್ದರು.

"ಇಪ್ಪತ್ತು ವರ್ಷ," ಎಂದಳು.

"ನಿನ್ನೊಬ್ಬಳದೇ ಅಂತ ತಿಳ್ಕೋಬೇಡ. ದಿಮ್ಮಿ ಎಳೆದೋನು ನಾನು," ಎಂದ ಲೋರ್ನ್. "ಈಗ ಏನ್ಮಾಡ್ತೀಯ?"

"ನಾಳೆ ಎಳೀಬೇಡಿ ಅಂತೀನಿ."

"ಗ್ಲೆನ್ ಈ ಬೇಸಿಗೇಲಿ ತಾನೇ ಹೊಸ ದೋಣಿಮನೆ ಕಟ್ಟಿರೋದು. ನೀರು ಇಳಿಸದೇ ಇದ್ರೆ ಮಂಜುಗಡ್ಡೆ ಅದನ್ನ ಕಡ್ಲೆಕಾಯಿ ಒಡೆದ ಹಾಗೆ ಒಡೆಯತ್ತೆ."

"ಗೊತ್ತು."

ಶನಿವಾರ ತೂಬಿನ ಬಳಿ ಐವತ್ತೈದು ಜನ ಸೇರಿದ್ದರು. ಉದ್ದನೆಯ ಮೇಜಿನ ಮೇಲೆ ಟರ್ಕಿ ಕೋಳಿ, ಕುಂಬಳಕಾಯಿ ಸೂಪು, ಬೆಣ್ಣೆಯ ಸಿಹಿ. ದಿಮ್ಮಿಗೆ ಹಗ್ಗವನ್ನೂ ಕಟ್ಟಿ ಆಗಿತ್ತು. ಗ್ಲೆನ್ ಮಿಶ್ರತಳಿಯ ವಿಷಯ ಎತ್ತುವಷ್ಟರಲ್ಲಿ ವರ್ನಾ ಕೈ ಎತ್ತಿದಳು. ಕಿವಿಗಲ್ಲಿನಿಂದ ಶುರುಮಾಡಿ, ಲೋರ್ನ್‌ನ ಸೊಂಟವನ್ನು ದಾಟಿ, ತನ್ನದೇ ಹಳೆಯ ಸಲಹೆಯವರೆಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ತನ್ನ ಹೆಸರು ಬಂದಲ್ಲಿ ದನಿ ಇಳಿಸಲಿಲ್ಲ.

"ಅಂದ್ರೆ ಇಪ್ಪತ್ತು ವರ್ಷ ನಾವು ಟರ್ಕಿ ತಿಂದ್ಕೊಂಡು ಮೀನಿನ ಮೊಟ್ಟೆ ಒಣಹಾಕ್ತಿದ್ವಿ," ಎಂದಳು ಮುಂದಿನ ಸಾಲಿನ ಒಬ್ಬ ಮುದುಕಿ.

"ಹೌದು ಅನ್ಸತ್ತೆ."

"ಆ ಒಣ ದಿಮ್ಮಿ ಎಳೆದು ನನ್ನ ಬೆನ್ನು ಉಳುಕಿತ್ತು," ಎಂದ ಇನ್ನೊಬ್ಬ ಲೋರ್ನ್ ಕಡೆ ತಿರುಗಿ. ಲೋರ್ನ್ ಸೂಪು ಕುಡಿಯುವುದರಲ್ಲಿ ಮುಳುಗಿದ್ದ.

ಗ್ಲೆನ್ ನಗಲಿಲ್ಲ. "ವರ್ನಾ, ನಿಮ್ಮ ಹತ್ರ ಇರೋದು ಒಂದೇ ಒಂದು ಮೀನು."

"ಒಂದೇ. ಅದಕ್ಕೇ ಪರೀಕ್ಷೆ ಮಾಡ್ಬೇಕು ಅಂತಿರೋದು. ಈ ಚಳಿಗಾಲ ನೀರು ಹಾಗೇ ಇರ್ಲಿ. ಮೇ ತಿಂಗಳಲ್ಲಿ ಕಲ್ಲಿನ ಮೇಲೆ ಬಲೆ ಇಡ್ತೀನಿ."

"ನನ್ನ ದೋಣಿಮನೆ ಹೋದ್ರೆ?"

"ಹೋಗಬಹುದು. ಹೋಗಲ್ಲ ಅಂತ ಮಾತು ಕೊಡೋಕಾಗಲ್ಲ. ದೋಣಿ ಕಟ್ಟೋ ನನ್ನ ಜೆಟ್ಟಿ ಗಾಳಿಗೆ ಎದುರಿದೆ, ಮೊದ್ಲು ಹೋಗೋದು ಅದೇ."

"ಮರಿ ಸಿಗದೇ ಇದ್ರೆ?"

"ಜೂನ್‌ನಲ್ಲಿ ಮಿಶ್ರತಳಿ ತರಿಸಿ. ಅರ್ಜಿ ನಾನೇ ಬರೆದುಕೊಡ್ತೀನಿ."

ಗ್ಲೆನ್ ತಲೆ ಕೆರೆದುಕೊಂಡ. "ಮೀನು ತರೋ ಲಾರಿಗೆ ಆಗ್ಲೇ ಹೇಳಿಟ್ಟಿದೀನಿ."

"ಮತಕ್ಕೆ ಹಾಕೋ ಮುಂಚೆನೇ? ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ್ಯಲ್ಲೋ," ಎಂದಳು ಮುಂದಿನ ಸಾಲಿನ ಮುದುಕಿ. ಆ ನಗುವಿನಲ್ಲೇ ಕೈ ಎತ್ತಿಸಿದರು. ಮೂವತ್ತೊಂದು ಕೈ ವರ್ನಾಳ ಕಡೆಗೆ, ಇಪ್ಪತ್ತಮೂರು ವಿರುದ್ಧ. ಲೋರ್ನ್‌ನ ಕೈಯಲ್ಲಿ ಬಟ್ಟಲಿತ್ತು, ಅವನನ್ನು ಎಣಿಸಲು ಮರೆತಿದ್ದರು.

ಜನವರಿಯಲ್ಲಿ, ಪಟ್ಟಣಕ್ಕೆ ಹೋಗಿದ್ದ ವರ್ನಾಗೆ ಲೋರ್ನ್ ಫೋನ್ ಮಾಡಿದ. "ನಿನ್ನ ಜೆಟ್ಟಿ ಈಗ ದಡದ ಮೇಲೆ ನಿಂತಿದೆ. ಒಂಟಿಕಾಲಲ್ಲಿ." ಫೆಬ್ರವರಿಯಲ್ಲಿ ಗ್ಲೆನ್‌ನ ದೋಣಿಮನೆಯ ಎರಡು ಕಂಬ ಮುರಿದವು. ಆ ಸುದ್ದಿ ತಿಳಿಸಲು ಗ್ಲೆನ್ ಒಂದು ಚಿತ್ರ ಕಳಿಸಿದ, ಕೆಳಗೆ ಒಂದು ಅಕ್ಷರವನ್ನೂ ಬರೆಯಲಿಲ್ಲ.

ಏಪ್ರಿಲ್ ಕೊನೆಗೆ ಮಂಜು ಕರಗಿತು. ವರ್ನಾ ತಂತಿಜಾಲರಿಯ ನಾಲ್ಕು ಆಲಿಕೆಗಳನ್ನು ಮಾಡಿ, ಪ್ರತಿಯೊಂದರ ಕಿರಿದಾದ ತುದಿಗೆ ಒಂದು ಬಾಟಲಿ ಸಿಕ್ಕಿಸಿ, ಕಲ್ಲುರಾಶಿಯ ಮೇಲೆ ಬೋರಲಾಗಿ ಇಟ್ಟಳು. ಕಲ್ಲುಸಂದಿಯಿಂದ ಮೇಲೇಳುವುದು ಏನಿದ್ದರೂ ಬಾಟಲಿಗೇ ಬರಬೇಕು. ದಿನಾ ಬೆಳಿಗ್ಗೆ ರಬ್ಬರ್ ಬೂಟು ಹಾಕಿಕೊಂಡು ಇಳಿದು ನೋಡಿದಳು. ಮೊದಲ ವಾರ ನೀರುಹುಳ ಬಿಟ್ಟು ಬೇರೇನೂ ಇರಲಿಲ್ಲ. ಎಂಟನೆಯ ದಿನವೂ ಇಲ್ಲ. ತಾನು ತಪ್ಪು ಎಣಿಸಿದ್ದರೆ? ಅದೊಂದು ಮೀನು ಬೇರೆ ಯಾವುದೋ ಕಾರಣಕ್ಕೆ ಉಳಿದಿದ್ದರೆ? ತಪ್ಪಾಗಿದ್ದರೂ ಕಾರಣ ತಿಳಿಯುವ ಆಸೆ ಬಿಡಲಿಲ್ಲ. ಆದರೆ ಅರ್ಜಿ ಬರೆಯುವ ಕಾಗದವನ್ನು ಕಣ್ಣಿಗೆ ಬೀಳದಂತೆ ಮೇಜಿನ ಖಾನೆಗೆ ಸರಿಸಿಟ್ಟಳು.

ಹನ್ನೊಂದನೆಯ ದಿನ ಮೂರನೆಯ ಬಾಟಲಿಯಲ್ಲಿ ಏನೋ ಮಿಸುಕಿತು.

ಬೆರಳಿನ ಒಂದು ಗೆಣ್ಣಿನಷ್ಟು ಉದ್ದ. ತಟ್ಟೆಗೆ ಸುರಿದುಕೊಂಡು ಮಸೂರ ಹಿಡಿದಳು. ಬಾಲಕ್ಕೆ ಹತ್ತಿರ, ಬೆನ್ನ ಮೇಲೆ, ಮುಳ್ಳಿಲ್ಲದ ಪುಟ್ಟ ಈಜುರೆಕ್ಕೆ, ಟ್ರೌಟ್ ವಂಶದ ಗುರುತು. ಪಕ್ಕೆಯಲ್ಲಿ ಮಸುಕಾದ ಪಟ್ಟೆಗಳು. ಸಣ್ಣ ಜಾತಿಯ ಬೇರೆ ಮೀನುಗಳ ಚಿತ್ರಗಳನ್ನು ಒಂದೊಂದಾಗಿ ತೆಗೆದು ಹೋಲಿಸಿ, ಅದು ಅಲ್ಲ, ಇದು ಅಲ್ಲ ಎಂದು ಬದಿಗಿಟ್ಟಳು. ನಾಲ್ಕನೆಯ ಬಾಟಲಿಯಲ್ಲಿ ಇನ್ನೂ ಐದು ಇದ್ದವು.

ಪಕ್ಕದ ದಡದಲ್ಲಿ ಗ್ಲೆನ್ ಸನಿಕೆ ಹಿಡಿದು ಮುರಿದ ಕಂಬ ಕೀಳುತ್ತಿದ್ದ. ಅವಳು ಕೂಗಿ ಕರೆದಳು. ಅವನು ಬಂದು, ಕೈಯ ಕೆಸರನ್ನು ಪ್ಯಾಂಟಿಗೆ ಒರೆಸಿ, ತಟ್ಟೆಯ ಮೇಲೆ ಬಗ್ಗಿದ.

"ಇದೇನಾ?"

"ಇದೇ."

"ಕಣ್ಣೇ ಜಾಸ್ತಿ ಇದೆ, ಮೈ ಇಲ್ಲ."

"ಗಾಳಕ್ಕೆ ಸಿಗೋಕೆ ಏಳೆಂಟು ವರ್ಷ ಬೇಕು."

"ಅಲ್ಲೀತನಕ ನನ್ನ ಮಗ ಮೀನು ಹಿಡಿಯೋದನ್ನೇ ಮರೀತಾನೆ." ಗ್ಲೆನ್ ಇನ್ನೂ ಬಗ್ಗಿಯೇ ಇದ್ದ. ಒಂದು ಮರಿ ತಟ್ಟೆಯ ಅಂಚಿಗೆ ಬಂದು ಅವನ ನೆರಳು ಕಂಡು ಹಿಂದಕ್ಕೆ ಸರಿಯಿತು. "ಇದಕ್ಕೆ ನಾನು ಕಾಣ್ತೀನಾ?"

"ಕಾಣ್ತೀರ ಅನ್ಸತ್ತೆ. ಎಷ್ಟು ದೂರದಿಂದ ಅಂತ ಗೊತ್ತಿಲ್ಲ. ನೋಡ್ಬೇಕು."

ಅವನು ನೆಟ್ಟಗಾಗಿ ಎರಡು ಹೆಜ್ಜೆ ಹಿಂದೆ ಹೋದ. ಆಮೇಲೆ ಒಂದು ಹೆಜ್ಜೆ ಮುಂದೆ. ಮರಿ ಮತ್ತೆ ಸರಿಯಿತು. "ಇಲ್ಲಿಂದ," ಎಂದ. ವರ್ನಾ ಅದನ್ನು ಬರೆದುಕೊಂಡಳು.

ಕಾಟೇಜಿನ ಕೆಳಗಿನ ದಡದಲ್ಲಿ ಫೋನ್ ಸಿಗ್ನಲ್ ಬರುವುದಿಲ್ಲ. ಗ್ಲೆನ್ ದಿಬ್ಬ ಹತ್ತಿ ಬಂಡೆಯ ಮೇಲೆ ನಿಂತು ಮಾತಾಡಿದ್ದು ನೀರಿನ ಮೇಲೆ ತೇಲಿ ಕೇಳಿಸಿತು. "ಲಾರಿ ಬೇಡ. ಇಲ್ಲ, ಮುಂದಿನ ವರ್ಷಾನೂ ಬೇಡ. ನಾವು ಸೆಪ್ಟೆಂಬರಿನಲ್ಲೇ ನೀರು ಇಳಿಸ್ತೀವಿ."